ಬಳಕೆ ಪ್ರಮಾಣಪತ್ರ

ಮಂಜೂರಾದ ಮೊತ್ತ: ನಾಲ್ಕು ಲಕ್ಷ ಎಂಬತ್ತು ಸಾವಿರ.
ಉದ್ದೇಶ: ಸಮುದಾಯ ಸುರಕ್ಷತೆ.
ಫಲಾನುಭವಿಗಳ ಸಂಖ್ಯೆ:
ಇಲ್ಲಿಗೆ ಬಂದು ನನ್ನ ಬೆರಳು ನಿಂತಿದೆ.

ಹಣ ಬಂದದ್ದು ಮಾರ್ಚ್ ಹದಿನಾಲ್ಕಕ್ಕೆ,
ಕಾಫಿ ಹೂ ಬಿಟ್ಟು
ಪಂಚಾಯಿತಿ ಕಚೇರಿಯ ಕಡತಗಳೂ ಘಮ್ಮೆನ್ನುತ್ತಿದ್ದಾಗ.
ಮೂವತ್ತೊಂದರೊಳಗೆ ಖರ್ಚಾಗದಿದ್ದರೆ ವಾಪಸ್ಸು.
ಮೂರು ವರ್ಷದ ಅರ್ಜಿಗೆ ಹದಿನೇಳು ದಿನ.

ಗ್ರಾಮಸಭೆಯಲ್ಲಿ ಜಗಳವಾದದ್ದು
ಆನೆಯ ಬಗ್ಗೆ ಅಲ್ಲ, ಕಂಬದ ಬಗ್ಗೆ.
ಹೋಂಸ್ಟೇ ಗೇಟಿನೆದುರು ಎಂದರು ಸದಸ್ಯ ಉತ್ತಯ್ಯ,
ಬಂದ ಜನ ಹೆದರುತ್ತಾರಲ್ಲ.
ಶಾಲೆಯ ತಿರುವಿಗೆ ಎಂದರು ಜಸಿಂತಾ ಟೀಚರ್.
ಹಿಂದೆ, ಗೋಡೆಗೆ ಬೆನ್ನು ಕೊಟ್ಟು ಕೂತಿದ್ದ
ಎರವರ ತೋಲು, ಯಾರೂ ಕೇಳದೆಯೇ ಹೇಳಿದ:
“ಆನೆ ಗೇಟು ನೋಡಿ ಬರ್ತದಾ?
ಹಲಸು ನೋಡಿ ಬರ್ತದೆ.
ಲೈನ್‌ಮನೆ ದಾಟಿ ಎರಡು ಮರ. ಆಮೇಲೆ ತೋಡು.”
ನಡಾವಳಿ ಬರೆದವಳು ನಾನೇ:
ಸ್ಥಳೀಯರೊಬ್ಬರು ಸಲಹೆ ನೀಡಿದರು.

ಕಂಬ ನಿಂತದ್ದು ಹಲಸಿನ ಹತ್ತಿರವೇ.
ತೋಲುವಿನ ಮಾತಿಗಲ್ಲ;
ಉಳಿದೆರಡು ಜಾಗವೂ ಯಾರದೋ ಖಾತೆಯಲ್ಲಿದ್ದವು,
ಇದೊಂದೇ ಪೈಸಾರಿ.
ಕಂಬಕ್ಕಿಂತ ಮೊದಲು ಫಲಕ ಬಂತು,
ಎಂಟು ಜನರ ಹೆಸರು ಹೊತ್ತು,
ಎರಡು ದಿನ ನನ್ನ ಕುರ್ಚಿಗೊರಗಿ ನಿಂತಿತ್ತು.

ದೀಪದ ಹೊಟ್ಟೆಯಲ್ಲೊಂದು ಸಿಮ್ಮು.
ಆನೆ ಕಂಡವರು ಮಿಸ್ಡ್ ಕಾಲ್ ಕೊಟ್ಟರೆ
ಮೇಲೆ ಕೆಂಪು ಹತ್ತಿಕೊಳ್ಳುತ್ತದೆ,
ದೂರದಿಂದ, ಹಣ್ಣಾದ ಒಂದು ಕಾಫಿಯಷ್ಟು.

ಜೂನ್ ಹನ್ನೊಂದು, ಮಂಗಳವಾರ, ಬೆಳಿಗ್ಗೆ ಆರು ಹತ್ತು.
ಲೈನಿನಿಂದ ಹೊರಟವರು ಹನ್ನೊಂದು ಜನ.
ಮುಂದಿದ್ದ ಮಿನಿ, ತೋಲುವಿನ ಮೊಮ್ಮಗಳು,
ಕೊಂಬೆ ಮುರಿದ ಸದ್ದಿಗೆ ನಿಂತು ನಂಬರು ಒತ್ತಿದಳು.
ಕೆಂಪು.
ಹನ್ನೊಂದು ಜನವೂ ಪೋಕರಾಕನ ಅಂಗಡಿ ಜಗಲಿ ಹತ್ತಿದರು.
ಒಬ್ಬಳು ವೀಳ್ಯ ಮಡಚಿದಳು.
ಒಬ್ಬ ಬೂಟು ಕಳಚಿ ಜಿಗಣೆ ಕಿತ್ತ.
ತೋಡಿನಾಚೆ ಐದು ಬೆನ್ನು, ನಡುವೆ ಒಂದು ಮರಿ,
ಹಲಸು ಬಗೆದು, ತೊಳೆ ತಿಂದು,
ಅವಸರವಿಲ್ಲದೆ ಹೋದವು.
ನಲವತ್ತು ನಿಮಿಷ.
ಏನೂ ಆಗಲಿಲ್ಲ.

ಏನೂ ಆಗಲಿಲ್ಲ ಎಂಬುದರ ಫೋಟೋ ಹೇಗೆ ತೆಗೆಯಲಿ?
ಜಿಪಿಎಸ್ ಸಮೇತ ಕೇಳಿದ್ದಾರೆ,
ಕಾಮಗಾರಿಗೆ ಮೊದಲು, ಕಾಮಗಾರಿಯ ನಂತರ.

ಅಲ್ಲ, ಒಂದು ಆಯಿತು.
ತಡವಾಗಿ ಬಂದರೆಂದು ಎಸ್ಟೇಟಿನ ರೈಟರ್
ಹನ್ನೊಂದು ಹೆಸರಿನ ಮುಂದೆ ಅರ್ಧ ಹಾಕಿದ.
ಅರ್ಧ ದಿನಕ್ಕೆ ಇನ್ನೂರ ಮೂವತ್ತು.
ಗುಣಿಸಿ ನೋಡಿದೆ, ಎರಡು ಸಾವಿರದ ಐನೂರ ಮೂವತ್ತು.
‘ಸಾರ್ವಜನಿಕ ವಂತಿಗೆ’ ಎಂಬ ಕಾಲಂ ಖಾಲಿಯಿದೆ.
ಅಲ್ಲಿ ಬರೆಯಲೇ?

ಅಂದಾಜು ಪಟ್ಟಿಯಲ್ಲಿ ಕಂಬವಿದೆ, ಕಾಂಕ್ರೀಟಿದೆ,
ಫಲಕದ ಬಣ್ಣಕ್ಕೆ ಬೇರೆಯೇ ದರವಿದೆ.
ಸಿಮ್ಮಿನ ರೀಚಾರ್ಜ್ ಇಲ್ಲ.
ತಿಂಗಳಿಗೆ ನೂರ ತೊಂಬತ್ತೊಂಬತ್ತು,
ಏಪ್ರಿಲ್‌ನಿಂದ ನಾನೇ ಹಾಕುತ್ತಿದ್ದೇನೆ.
ದೊಡ್ಡ ಮನಸ್ಸೇನಲ್ಲ.
ಎರಡು ವರ್ಷದ ಹಿಂದೆ ಅದೇ ತೋಡಿನ ಬಳಿ
ಆನೆ ತುಳಿದವಳ ಪರಿಹಾರದ ಕಡತ ಟೈಪ್ ಮಾಡಿದ್ದೆ.
ಬೊಳ್ಳಿ ಎಂದಿತ್ತು; ಅಕ್ಷರ ತಪ್ಪಿದೆಯೆಂದುಕೊಂಡು
ಬೆಳ್ಳಿ ಎಂದು ತಿದ್ದಿದೆ.
ಆಧಾರಿಗೆ ಹೊಂದದೆ ವಾಪಸ್ಸು ಬಂತು.
ಮತ್ತೆ ಏಳು ತಿಂಗಳು.
ಮಿನಿ ಆಗ ಒಂಬತ್ತನೇ ಕ್ಲಾಸು,
ಪ್ರತಿ ಸೋಮವಾರ ಬಂದು
ಇದೇ ಮೇಜಿನ ಅಂಚು ಹಿಡಿದು ನಿಲ್ಲುತ್ತಿದ್ದಳು.
ಅವಳ ಅವ್ವನ ಹೆಸರನ್ನು ನಾನು ಚಂದ ಮಾಡಿದ್ದೆ.

ಸಂಜೆ ಐದೂವರೆ. ಇವತ್ತೇ ಕಡೆ.
ಸಂಖ್ಯೆ ಎಂಬಲ್ಲಿ ಸೊನ್ನೆ ಒಪ್ಪುವುದಿಲ್ಲ,
ಹನ್ನೊಂದು ಒಪ್ಪಿತು.
ಕೊನೆಯ ಮನೆ, ಷರಾ.
ಬರೆದೆ: ಜಾಗ ತೋರಿಸಿ ಸಲಹೆ ನೀಡಿದವರು
ತೋಲು, ಬೊಳ್ಳಿಯ ಅಪ್ಪ.
ಅಕ್ಷರಮಿತಿ ಮೀರಿದೆ ಎಂದಿತು.
ಮುಂದಿನಿಂದ ಒಂದೊಂದೇ ಪದ ಅಳಿಸುತ್ತ ಬಂದೆ,
ಉಳಿದದ್ದು ಹಿಡಿಸುವವರೆಗೆ:

ತೋಲು, ಬೊಳ್ಳಿಯ ಅಪ್ಪ.